‘ಫಿಸಿಕಲ್’ ಎಂಬ ಪದಕ್ಕೆ ಕನ್ನಡದಲ್ಲಿ ಎಷ್ಟು ಮೈ?

ಅನುವಾದದ ಮೇಜು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಂಗನವಾಡಿ ಕಾರ್ಯಕರ್ತೆಯರ ತರಬೇತಿಗೆಂದು ಇಂಗ್ಲಿಷಿನಲ್ಲಿ ಸಿದ್ಧವಾಗಿರುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಫಿಸಿಕಲ್’ ಎಂಬ ವಿಶೇಷಣ ಪುಟಪುಟಕ್ಕೂ ಎದುರಾಗುತ್ತದೆ. ಮಗುವಿನ ಫಿಸಿಕಲ್ ಗ್ರೋತ್, ಆಹಾರ ದಾಸ್ತಾನಿನ ಫಿಸಿಕಲ್ ವೆರಿಫಿಕೇಶನ್, ಅಂಗನವಾಡಿ ಕಟ್ಟಡದ ಫಿಸಿಕಲ್ ಪ್ರೋಗ್ರೆಸ್, ಮಕ್ಕಳ ರಕ್ಷಣೆಯ ಅಧ್ಯಾಯದಲ್ಲಿ ಫಿಸಿಕಲ್ ಕಾಂಟ್ಯಾಕ್ಟ್ ಹೀಗೆ ಎಲ್ಲೆಡೆ ಅದೇ ಪದ. ಮೊದಲ ಕರಡನ್ನು ಮಾಡಿದವರು ಎಲ್ಲ ಕಡೆಯೂ ‘ದೈಹಿಕ’ ಎಂದೇ ಹಾಕಿರುವುದರಿಂದ ‘ಅಡುಗೆ ಕೋಣೆಯ ದೈಹಿಕ ಪ್ರಗತಿ ತೃಪ್ತಿಕರವಾಗಿದೆ’ ಎಂಬಂಥ ವಾಕ್ಯಗಳು ಹುಟ್ಟಿಕೊಂಡಿವೆ. ‘ಭೌತಿಕ’ ಎಂದು ಬದಲಾಯಿಸಿದರೆ ಮಗುವಿನ ಬೆಳವಣಿಗೆಯೂ ಭೌತಿಕವಾಗಿಬಿಡುತ್ತದೆ.

ಈ ಪದದ ಮೂಲ ಅರ್ಥವೇನು, ಅದು ಹೇಗೆ ಇಷ್ಟು ಕಡೆ ಹರಡಿತು, ಮತ್ತು ಕನ್ನಡದಲ್ಲಿ ಯಾವ ಸಂದರ್ಭಕ್ಕೆ ಯಾವ ಪದ ಹೊಂದುತ್ತದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಇದರ ನಾಮಪದವಾದ ‘ಫಿಸಿಕ್ಯಾಲಿಟಿ’ಯ ಬಗೆಗೂ ಕುತೂಹಲವಿದೆ.

ಪದಮೂಲ

ಮೂಲದಿಂದಲೇ ಹೊರಡುವುದು ಒಳ್ಳೆಯದು, ಏಕೆಂದರೆ ಈ ಪದದ ಚರಿತ್ರೆಯಲ್ಲಿ ದೇಹ ಬರುವುದು ಬಹಳ ತಡವಾಗಿ.

ಗ್ರೀಕಿನಲ್ಲಿ ‘ಫ್ಯೂಯಿನ್’ ಎಂಬ ಕ್ರಿಯಾಪದಕ್ಕೆ ಹುಟ್ಟಿಸು, ಬೆಳೆಸು ಎಂಬ ಅರ್ಥಗಳಿವೆ. ಅದರಿಂದ ‘ಫ್ಯೂಸಿಸ್’ ಎಂಬ ನಾಮಪದ ಆಯಿತು. ಒಂದು ವಸ್ತು ತಾನಾಗಿ ಬೆಳೆದು ಬಂದ ಬಗೆ, ಅದರ ಸಹಜ ಸ್ವಭಾವ ಎಂಬುದು ಇದರ ತಾತ್ಪರ್ಯ. ಗಿಡಕ್ಕೆ ‘ಫ್ಯೂಟಾನ್’ ಎಂಬ ಹೆಸರು ಬಂದದ್ದೂ ಇದೇ ಕುಟುಂಬದಿಂದ. ಹೋಮರನ ಕಾವ್ಯಗಳಲ್ಲಿ ‘ಫ್ಯೂಸಿಸ್’ ಒಂದೇ ಒಂದು ಸಲ, ಒಡಿಸ್ಸಿಯ ಹತ್ತನೆಯ ಸರ್ಗದಲ್ಲಿ ಬರುತ್ತದೆ. ಮಾಟಗಾತಿ ಸರ್ಸಿಯ ಮದ್ದು ತಟ್ಟದಿರಲೆಂದು ಹರ್ಮಿಸ್ ದೇವತೆ ನೆಲದಿಂದ ಒಂದು ಗಿಡವನ್ನು ಕಿತ್ತು, ಅದರ ಫ್ಯೂಸಿಸ್ ಏನೆಂದು ಒಡಿಸ್ಯೂಸನಿಗೆ ತೋರಿಸುತ್ತಾನೆ. ಅದರ ಬೇರು ಕಪ್ಪು, ಹೂವು ಹಾಲಿನಂತೆ ಬಿಳುಪು. ಇಂಗ್ಲಿಷಿನ ‘ಫಿಸಿಕಲ್’ ಪದದ ಪೂರ್ವಜನು ಸಾಹಿತ್ಯದಲ್ಲಿ ಕಾಣಿಸಿಕೊಂಡದ್ದು ಹೀಗೆ, ಒಂದು ಮದ್ದಿನ ಗಿಡದ ಬೇರು ಮತ್ತು ಹೂವಿನ ವರ್ಣನೆಯಲ್ಲಿ.

ಅರಿಸ್ಟಾಟಲನಲ್ಲಿ ಈ ಪದ ತತ್ತ್ವಶಾಸ್ತ್ರದ ಪರಿಭಾಷೆಯಾಗುತ್ತದೆ. ತನ್ನ ಚಲನೆಗೂ ನಿಲುಗಡೆಗೂ ಕಾರಣವನ್ನು ತನ್ನೊಳಗೇ ಇಟ್ಟುಕೊಂಡಿರುವುದು ಫ್ಯೂಸಿಸ್‌ನಿಂದ ಆದ ವಸ್ತು, ಹಾಗಿಲ್ಲದ್ದು ಮನುಷ್ಯನ ಕೈಯಿಂದ ಆದದ್ದು ಎಂದು ಅವನು ಭಾಗ ಮಾಡುತ್ತಾನೆ. ಇದಕ್ಕೆ ಸಂಬಂಧಿಸಿ ಆಂಟಿಫಾನ್ ಎಂಬವನ ಒಂದು ಮಾತನ್ನು ಎತ್ತಿಕೊಳ್ಳುತ್ತಾನೆ: ಮಂಚವೊಂದನ್ನು ಮಣ್ಣಿನಲ್ಲಿ ಹೂತು, ಅದು ಕೊಳೆತು ಚಿಗುರುವ ಶಕ್ತಿ ಪಡೆಯಿತೆಂದು ಇಟ್ಟುಕೊಂಡರೆ, ಮೇಲೆದ್ದು ಬರುವುದು ಮರವೇ ಹೊರತು ಇನ್ನೊಂದು ಮಂಚವಲ್ಲ. ನಿಸರ್ಗವನ್ನು ಕುರಿತ ಅವನ ಗ್ರಂಥಕ್ಕೆ ‘ಫಿಸಿಕ್ಸ್’ ಎಂಬ ಹೆಸರು ನಿಂತಿತು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ರೋಡ್ಸ್ ದ್ವೀಪದ ಆಂಡ್ರೋನಿಕಸ್ ಅವನ ಬರಹಗಳನ್ನು ಜೋಡಿಸಿದಾಗ ಫಿಸಿಕ್ಸ್ ಆದ ಮೇಲೆ ಇಟ್ಟ ಬರಹಗಳು ‘ಮೆಟಫಿಸಿಕ್ಸ್’ ಎನಿಸಿಕೊಂಡವು ಎಂಬುದು ಪರಂಪರೆಯಿಂದ ಬಂದ ವಿವರಣೆ. ನಿಸರ್ಗಕ್ಕೆ ಮೀರಿದ್ದು ಎಂಬ ಗಂಭೀರ ಅರ್ಥವನ್ನು ಆ ಹೆಸರಿಗೆ ಹೊರಿಸಿದ್ದು ಆಮೇಲಿನ ಕಾಲ.

ಅರಳಿಕಟ್ಟೆ

ಪದಮೂಲ ಅವರ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ‘ಫಿಸಿಕಲ್’ ಮತ್ತು ನಮ್ಮ ‘ಭೌತಿಕ’ ಇವೆರಡೂ ಒಂದೇ ಬೇರಿನ ಕುಡಿಗಳು.

ಸಂಸ್ಕೃತದ ‘ಭೂ’ ಧಾತುವಿಗೆ ಆಗು, ಇರು ಎಂಬ ಅರ್ಥ. ಅದರಿಂದ ಭವತಿ, ಭವ, ಭಾವ, ಭೂಮಿ, ಭವಿಷ್ಯ, ಭೂತ ಇವೆಲ್ಲ ಬಂದಿವೆ. ‘ಭೂತ’ ಎಂದರೆ ಆದದ್ದು, ಇರುವಂಥದ್ದು. ಪಂಚಭೂತಗಳ ಭೂತ ಅದೇ. ಅದಕ್ಕೆ ‘ಇಕ’ ಪ್ರತ್ಯಯ ಸೇರಿ ಮೊದಲ ಸ್ವರಕ್ಕೆ ವೃದ್ಧಿಯಾದಾಗ ‘ಭೌತಿಕ’ ಸಿದ್ಧಿಸುತ್ತದೆ. ದೇಹ ದೈಹಿಕವಾಗುವ ಕ್ರಮವೂ ಇದೇ. ಗ್ರೀಕಿನ ‘ಫ್ಯೂ’, ಸಂಸ್ಕೃತದ ‘ಭೂ’, ಲ್ಯಾಟಿನ್ನಿನಲ್ಲಿ ಫ್ಯೂಚರ್ ಪದಕ್ಕೆ ಮೂಲವಾದ ‘ಫುತೂರುಸ್’, ಇಂಗ್ಲಿಷಿನ ಅತ್ಯಂತ ಸಾಧಾರಣ ಕ್ರಿಯಾಪದವಾದ ‘ಬಿ’ ಇವೆಲ್ಲ ಇಂಡೋ-ಯುರೋಪಿಯನ್ ಭಾಷಾಕುಟುಂಬದ ಒಂದೇ ಮೂಲಧಾತುವಿನಿಂದ ಕವಲೊಡೆದವು.

ಹಾಗಾಗಿ ಫಿಸಿಕ್ಸ್‌ಗೆ ಭೌತಶಾಸ್ತ್ರ ಎಂಬ ಹೆಸರನ್ನು ಆರಿಸಿದವರು ತಿಳಿದೋ ತಿಳಿಯದೆಯೋ ಪದದ ಅಣ್ಣತಮ್ಮಂದಿರನ್ನು ಮತ್ತೆ ಒಂದು ಕಡೆ ಕೂರಿಸಿದ್ದಾರೆ. ಅದೇ ‘ಭೂತ’ ಕರಾವಳಿಗೆ ಬಂದರೆ ದೇಹವಿಲ್ಲದ ದೈವಶಕ್ತಿಯ ಹೆಸರು, ವ್ಯಾಕರಣಕ್ಕೆ ಹೋದರೆ ಕಳೆದುಹೋದ ಕಾಲದ ಹೆಸರು. ಒಂದೇ ಪದ ಮುಟ್ಟಲು ಸಿಗುವ ವಸ್ತುವನ್ನೂ ಮುಟ್ಟಲು ಸಿಗದ ಶಕ್ತಿಯನ್ನೂ ಹೇಳುವ ಈ ಪರಿ ನನಗೆ ಸದಾ ಸೋಜಿಗ.

ಸಂಶಯಿ

ಅರಳಿಕಟ್ಟೆ ಅವರು ಕ್ಷಮಿಸಬೇಕು. ಇಂಗ್ಲಿಷಿನ ಯಾವ ಪದವನ್ನು ಎತ್ತಿಕೊಂಡರೂ ಅದರ ಮೂಲ ಸಂಸ್ಕೃತದಲ್ಲಿದೆ ಎಂದು ತೋರಿಸುವ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ದಿನವೂ ಬರುತ್ತವೆ. ‘ಫ್ಯೂ’ ಮತ್ತು ‘ಭೂ’ ಕಿವಿಗೆ ಹತ್ತಿರ ಎಂಬುದನ್ನು ಬಿಟ್ಟರೆ ಬೇರೆ ಆಧಾರವೇನಿದೆ?

ಅರಳಿಕಟ್ಟೆ

ಸಂಶಯ ಆರೋಗ್ಯಕರವಾದದ್ದೇ. ಮೊದಲನೆಯದಾಗಿ, ಗ್ರೀಕ್ ಪದ ಸಂಸ್ಕೃತದಿಂದ ಬಂದಿದೆ ಎಂದು ನಾನು ಹೇಳಲಿಲ್ಲ. ಎರಡೂ ಇನ್ನೂ ಹಳೆಯದಾದ ಒಂದು ನುಡಿಯಿಂದ ಬಂದಿವೆ ಎಂಬುದು ಭಾಷಾವಿಜ್ಞಾನದ ನಿಲುವು. 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್‌ಗಳ ಬಗ್ಗೆ ಸೂಚಿಸಿದ್ದೂ ಇದನ್ನೇ.

ಎರಡನೆಯದಾಗಿ, ಆಧಾರ ಇರುವುದು ಧ್ವನಿಗಳ ಸಾಲುಹೊಂದಾಣಿಕೆಯಲ್ಲಿ. ಪದದ ಮೊದಲಿಗೆ ಸಂಸ್ಕೃತದಲ್ಲಿ ಭಕಾರ ಇರುವ ಕಡೆ ಗ್ರೀಕಿನಲ್ಲಿ ಮಹಾಪ್ರಾಣ ಪಕಾರ, ಲ್ಯಾಟಿನ್ನಿನಲ್ಲಿ ಎಫ್, ಇಂಗ್ಲಿಷಿನಲ್ಲಿ ಬಿ ಬರುವುದು ಒಂದು ಕ್ರಮ. ಸಂಸ್ಕೃತದ ಭ್ರಾತೃ ಗ್ರೀಕಿನಲ್ಲಿ ಫ್ರಾತೇರ್, ಲ್ಯಾಟಿನ್ನಿನಲ್ಲಿ ಫ್ರಾತೆರ್, ಇಂಗ್ಲಿಷಿನಲ್ಲಿ ಬ್ರದರ್. ಹೊರುವುದನ್ನು ಹೇಳುವ ಭರಾಮಿ ಗ್ರೀಕಿನಲ್ಲಿ ಫೆರೋ, ಲ್ಯಾಟಿನ್ನಿನಲ್ಲಿಯೂ ಫೆರೋ, ಇಂಗ್ಲಿಷಿನಲ್ಲಿ ಬೇರ್. ಒಂದು ಜೋಡಿ ಹೊಂದಿದರೆ ಆಕಸ್ಮಿಕ ಎನ್ನಬಹುದು, ಹತ್ತಾರು ಪದಗಳು ಅದೇ ಸಾಲಿನಲ್ಲಿ ನಿಂತರೆ ಆಕಸ್ಮಿಕ ಎನ್ನಲಾಗದು. ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಈ ಸಾಲು ಇರುವುದಿಲ್ಲ, ಬರಿಯ ಧ್ವನಿಸಾಮ್ಯ ಇರುತ್ತದೆ.

ಕನ್ನಡವು ದ್ರಾವಿಡ ಭಾಷೆಯಾದ್ದರಿಂದ ಈ ನಂಟು ನಮಗೆ ಸಂಸ್ಕೃತದ ಎರವಲಿನ ಮೂಲಕ ದಕ್ಕಿದೆ ಎಂಬುದನ್ನೂ ಹೇಳಿಬಿಡಬೇಕು.

ಸಂಶಯಿ

ಒಪ್ಪಿದೆ. ಆದರೆ ಬೆಳೆಯುವ ಗಿಡದ ಸ್ವಭಾವವನ್ನು ಹೇಳುತ್ತಿದ್ದ ಪದ ಮನುಷ್ಯನ ಮೈಗೆ ಬಂದು ಅಂಟಿಕೊಂಡದ್ದು ಹೇಗೆಂದು ಇನ್ನೂ ಯಾರೂ ಹೇಳಲಿಲ್ಲ.

ಭೌತಶಾಸ್ತ್ರದ ಮೇಡಂ

ಅದು ವೈದ್ಯರ ಮೂಲಕ ಆಯಿತು. ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳುವಾಗ ‘ಫಿಸಿಸಿಸ್ಟ್’ ಮತ್ತು ‘ಫಿಸಿಶಿಯನ್’ ಇವೆರಡಕ್ಕೂ ಏನು ಸಂಬಂಧ ಎಂದು ಯಾರಾದರೊಬ್ಬ ವಿದ್ಯಾರ್ಥಿ ಕೇಳುವುದುಂಟು. ಹಾಗಾಗಿ ಈ ಭಾಗವನ್ನು ಓದಿಕೊಂಡಿದ್ದೇನೆ.

ಮಧ್ಯಯುಗದ ಯುರೋಪಿನಲ್ಲಿ ಲ್ಯಾಟಿನ್ನಿನ ‘ಫಿಸಿಕಾ’ ನಿಸರ್ಗದ ಅರಿವು ಎಂಬ ಅರ್ಥದಿಂದ ಸರಿದು, ನಿಸರ್ಗವನ್ನು ಬಲ್ಲವರು ಮಾಡುವ ಚಿಕಿತ್ಸೆಯ ಕಡೆಗೆ ಬಂದಿತು. ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಇಳಿದಾಗ ‘ಫಿಸಿಕ್’ ಎಂದರೆ ವೈದ್ಯಶಾಸ್ತ್ರ, ಔಷಧ, ಕೆಲವೊಮ್ಮೆ ಸೀದಾ ಭೇದಿಯ ಮದ್ದು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕವಿ ಚಾಸರ್ ತನ್ನ ‘ಕ್ಯಾಂಟರ್ಬರಿ ಟೇಲ್ಸ್’ ಕಾವ್ಯದಲ್ಲಿ ಚಿತ್ರಿಸಿದ ಯಾತ್ರಿಕರ ಗುಂಪಿನಲ್ಲಿ ಇರುವ ವೈದ್ಯ ‘ಡಾಕ್ಟರ್ ಆಫ್ ಫಿಸಿಕ್’. ಲಂಡನ್ನಿನಲ್ಲಿ ಎಂಟನೆಯ ಹೆನ್ರಿಯ ಸನದಿನಿಂದ 1518ರಲ್ಲಿ ಆರಂಭವಾದ ವೈದ್ಯರ ಸಂಸ್ಥೆಯ ಹೆಸರಿನಲ್ಲಿ ಇಂದಿಗೂ ಫಿಸಿಶಿಯನ್ನರಿದ್ದಾರೆ. ಔಷಧ ತಯಾರಕರ ಸಂಘ 1673ರಲ್ಲಿ ಚೆಲ್ಸಿಯಲ್ಲಿ ಮಾಡಿದ ಔಷಧಿವನ ಇವತ್ತಿಗೂ ‘ಫಿಸಿಕ್ ಗಾರ್ಡನ್’ ಎಂದೇ ಹೆಸರಾಗಿದೆ. ಕೇಂಬ್ರಿಡ್ಜಿನಲ್ಲಿ 1540ರಲ್ಲಿ ಸ್ಥಾಪನೆಯಾದ ‘ರೀಜಿಯಸ್ ಪ್ರೊಫೆಸರ್ ಆಫ್ ಫಿಸಿಕ್’ ಹುದ್ದೆಯಲ್ಲಿ ಈಗಲೂ ವೈದ್ಯವಿಜ್ಞಾನಿಗಳೇ ಕೂರುತ್ತಾರೆ, ನನ್ನ ವಿಷಯದವರಿಗೆ ಅಲ್ಲಿ ಜಾಗವಿಲ್ಲ.

‘ಫಿಸಿಕಲ್’ ಕೂಡ ಮೊದಮೊದಲು ಔಷಧಿಗೆ ಸಂಬಂಧಿಸಿದ್ದು, ಗುಣಕಾರಿಯಾದದ್ದು ಎಂಬ ಅರ್ಥದಲ್ಲಿ ಓಡಾಡಿತು. ಶೇಕ್ಸ್‌ಪಿಯರನ ಕೋರಿಯೊಲೇನಸ್ ಯುದ್ಧದಲ್ಲಿ ಗಾಯಗೊಂಡು, ತಾನು ಸುರಿಸುತ್ತಿರುವ ರಕ್ತ ತನಗೆ ಅಪಾಯಕಾರಿ ಎನ್ನುವುದಕ್ಕಿಂತ ‘ಫಿಸಿಕಲ್’ ಎನ್ನುತ್ತಾನೆ. ಇಂದಿನ ಅರ್ಥದಲ್ಲಿ ಓದಿದರೆ ಈ ಮಾತಿಗೆ ತಲೆಬುಡವಿಲ್ಲ. ರಕ್ತ ಹರಿಸಿ ರೋಗ ಕಳೆಯುತ್ತಿದ್ದ ಕಾಲದ ಪ್ರೇಕ್ಷಕರಿಗೆ ಅದು ನೇರವಾಗಿ ಅರ್ಥವಾಗಿತ್ತು. ದ್ರವ್ಯಕ್ಕೆ ಸಂಬಂಧಿಸಿದ್ದು ಎಂಬ ಅರ್ಥವೂ ಹದಿನಾರನೆಯ ಶತಮಾನದ ಕೊನೆಯಿಂದ ಜೊತೆಗೇ ಬೆಳೆಯಿತು. ಮನಸ್ಸಿಗೆ ಎದುರಾದ ದೇಹ ಎಂಬ ಅರ್ಥ ಗಟ್ಟಿಯಾಗಿ ನಿಂತದ್ದು ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ. ಫ್ರೆಂಚಿನಲ್ಲಿ ‘ಫಿಸೀಕ್’ ಸ್ತ್ರೀಲಿಂಗವಾದರೆ ಭೌತಶಾಸ್ತ್ರ, ಪುಲ್ಲಿಂಗವಾದರೆ ಮೈಕಟ್ಟು. ಇಂಗ್ಲಿಷ್ ಆ ಎರಡನೆಯದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹಾಗೆಯೇ ಎರವಲು ಪಡೆಯಿತು.

ನಮ್ಮ ಶಾಸ್ತ್ರದ ಕಥೆ ಬೇರೆ. ನ್ಯೂಟನ್ 1687ರಲ್ಲಿ ತನ್ನ ಗ್ರಂಥದ ಹೆಸರಿನಲ್ಲಿ ಹೇಳಿಕೊಂಡದ್ದು ನಿಸರ್ಗದ ತತ್ತ್ವಶಾಸ್ತ್ರ ಎಂದು. ಫಿಸಿಕ್ಸ್ ಅಭ್ಯಾಸ ಮಾಡುವವನನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆ ಬಂದಾಗ ‘ಫಿಸಿಶಿಯನ್’ ಎಂಬ ಹೆಸರನ್ನು ವೈದ್ಯರು ಆಗಲೇ ಹಿಡಿದಿದ್ದರು. ಆದ್ದರಿಂದ ಇಂಗ್ಲಿಷ್ ವಿದ್ವಾಂಸ ವಿಲಿಯಂ ಹ್ಯೂವೆಲ್ 1840ರಲ್ಲಿ ‘ಫಿಸಿಸಿಸ್ಟ್’ ಎಂಬ ಪದವನ್ನು ಟಂಕಿಸಿದರು. ಮೈಕೆಲ್ ಫ್ಯಾರಡೆಗೆ ಅದರ ಉಚ್ಚಾರಣೆ ನಾಲಿಗೆಗೂ ಹಿಡಿಸಲಿಲ್ಲ, ಕಿವಿಗೂ ಹಿಡಿಸಲಿಲ್ಲ. ಕನ್ನಡದಲ್ಲಿ ಅಂಥ ಗೊಂದಲ ಬರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದಾಗ ಪರಿಭಾಷೆಯನ್ನು ಕಟ್ಟುವ ಕೆಲಸ ಅವರ ಪೀಳಿಗೆಯ ಮುಂದೆ ಹೊಸದಾಗಿಯೇ ಇತ್ತು.

ಬೆಳಗಾವಿ ಕಡೆಯವ

ಮೇಡಂ ಅವರ ಬರಹ ಓದುತ್ತಿದ್ದಂತೆ ನಮ್ಮ ಮಾತು ನೆನಪಾಯಿತು. ಮರಾಠಿಯಲ್ಲಿ ‘ಪ್ರಕೃತಿ’ ಎಂದರೆ ಆರೋಗ್ಯವೂ ಹೌದು, ಗಡಿಭಾಗದ ಹಿರಿಯರ ಕನ್ನಡದಲ್ಲಿಯೂ ‘ಪ್ರಕೃತಿ ಹ್ಯಾಂಗೈತಿ’ ಎಂದರೆ ಮೈಯಾರೋಗ್ಯ ಹೇಗಿದೆ ಎಂದೇ. ಆಯುರ್ವೇದದ ವಾತ, ಪಿತ್ತ, ಕಫ ಪ್ರಕೃತಿಗಳಂತೂ ಎಲ್ಲರಿಗೂ ಗೊತ್ತು. ನಿಸರ್ಗವನ್ನು ಹೇಳುವ ಪದ ದೇಹಸ್ಥಿತಿಯನ್ನು ಹೇಳುವ ಪದವಾಗುವುದು ಯುರೋಪಿನಲ್ಲಿ ಮಾತ್ರ ನಡೆದ ಸಂಗತಿಯೇನಲ್ಲ.

ಶಾಲೆಯ ಭೂಗೋಳದಲ್ಲಿಯೂ ಇದೇ ಪದ ಬರುತ್ತದೆ. ‘ಫಿಸಿಕಲ್ ಮ್ಯಾಪ್’ ಎಂಬುದನ್ನು ನಾವು ಪ್ರಾಕೃತಿಕ ನಕ್ಷೆ ಎಂದು ಓದಿದ್ದೇವೆ. ಗ್ರೀಕ್ ಫ್ಯೂಸಿಸ್‌ಗೆ ಅತ್ಯಂತ ಹತ್ತಿರದ ಅನುವಾದ ಬಹುಶಃ ಅದೇ.

ಕಡತ ಕಂಡವನು

ನಿವೃತ್ತಿಯವರೆಗೆ ತಾಲ್ಲೂಕು ಪಂಚಾಯಿತಿಯಲ್ಲಿದ್ದವನು ನಾನು. ಚರಿತ್ರೆ ಸೊಗಸಾಗಿದೆ, ಆದರೆ ಪ್ರಶ್ನೆ ಕೇಳಿದವರ ಮೇಜಿನ ಮೇಲಿರುವ ತೊಡಕು ಅದರಿಂದ ಬಗೆಹರಿಯುವುದಿಲ್ಲ. ನನ್ನ ಅನುಭವದಲ್ಲಿ ‘ಫಿಸಿಕಲ್’ ಎಂಬುದಕ್ಕೆ ತನ್ನದೇ ಆದ ಅರ್ಥ ಕಡಿಮೆ. ಅದು ಯಾವುದರ ಎದುರು ನಿಂತಿದೆ ಎಂಬುದರಿಂದ ಅದಕ್ಕೆ ಅರ್ಥ ಬರುತ್ತದೆ. ಆದ್ದರಿಂದ ಅನುವಾದಕರು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದಕ್ಕೆ ಕನ್ನಡದಲ್ಲಿ ಏನು?’ ಎಂಬುದಕ್ಕಿಂತ ಮೊದಲು ‘ಇಲ್ಲಿ ಇದರ ಎದುರಾಳಿ ಯಾರು?’ ಎಂಬುದು.

ಪ್ರಗತಿ ಪರಿಶೀಲನಾ ಸಭೆಯ ನಮೂನೆಗಳಲ್ಲಿ ಎರಡು ಅಂಕಣಗಳಿರುತ್ತವೆ, ಭೌತಿಕ ಗುರಿ ಮತ್ತು ಆರ್ಥಿಕ ಗುರಿ. ಇಲ್ಲಿ ಎದುರಾಳಿ ಹಣ. ಎಷ್ಟು ಮನೆ ಕಟ್ಟಿದಿರಿ, ಎಷ್ಟು ಕೊಳವೆಬಾವಿ ಕೊರೆದಿರಿ ಎಂಬುದು ಭೌತಿಕ, ಎಷ್ಟು ಅನುದಾನ ಖರ್ಚಾಯಿತು ಎಂಬುದು ಆರ್ಥಿಕ. ಕಚೇರಿಯಲ್ಲಿ ಎಲ್ಲರಿಗೂ ರೂಢಿಯಾಗಿರುವುದರಿಂದ ‘ಭೌತಿಕ ಪ್ರಗತಿ’ ಎಂಬುದನ್ನು ಹಾಗೆಯೇ ಉಳಿಸಬಹುದು, ಆದರೆ ಅಂಗನವಾಡಿ ಕಾರ್ಯಕರ್ತೆಗೆ ‘ಕಟ್ಟಡದ ಕೆಲಸ ಎಲ್ಲಿಯವರೆಗೆ ಬಂದಿದೆ’ ಎಂದರೆ ಇನ್ನೂ ಚೆನ್ನಾಗಿ ಮುಟ್ಟುತ್ತದೆ. ದಾಸ್ತಾನಿನ ವಿಷಯದಲ್ಲಿ ಎದುರಾಳಿ ಪುಸ್ತಕ. ರಿಜಿಸ್ಟರಿನಲ್ಲಿ ಬರೆದ ಲೆಕ್ಕಕ್ಕೂ ಉಗ್ರಾಣದಲ್ಲಿರುವ ಮೂಟೆಗೂ ತಾಳೆಯಿದೆಯೇ ಎಂದು ನೋಡುವುದು ಅದರ ಉದ್ದೇಶ. ‘ದಾಸ್ತಾನನ್ನು ಎಣಿಸಿ ತಾಳೆ ನೋಡುವುದು’ ಎಂದು ಬರೆದರೆ ‘ಭೌತಿಕ’ವೂ ಬೇಡ, ‘ದೈಹಿಕ’ವೂ ಬೇಡ. ಇನ್ನು ಜಾಗದ ವಿಷಯವಾದರೆ ಸ್ಥಳ ಪರಿಶೀಲನೆ ಎಂಬ ಹಳೆಯ ಮಾತು ಇದೆ. ವ್ಯಕ್ತಿಯೇ ಬರಬೇಕೆಂದಾದರೆ ‘ಖುದ್ದು ಹಾಜರಿ’ ಎನ್ನುತ್ತೇವೆ. ಪಾರ್ಸಿಯಿಂದ ಬಂದ ‘ಖುದ್ದು’ ನಮ್ಮ ಹಳ್ಳಿಯವರ ಬಾಯಲ್ಲಿಯೂ ಇದೆ. ‘ಭೌತಿಕವಾಗಿ ಹಾಜರಾಗತಕ್ಕದ್ದು’ ಎಂದು ನೋಟಿಸು ಹೊರಡಿಸುವವರಿಗೆ ಆ ಪದ ಏಕೆ ಮರೆತುಹೋಗುತ್ತದೆಯೋ ತಿಳಿಯದು.

ಲೆಕ್ಕಪತ್ರ

ಕಡತ ಕಂಡವನು ಅವರ ಸೂತ್ರ ನಮ್ಮ ಕ್ಷೇತ್ರಕ್ಕೂ ಹೊಂದುತ್ತದೆ. 1996ರ ಡಿಪಾಸಿಟರಿ ಕಾಯ್ದೆ ಬಂದು ಷೇರುಗಳು ಡಿಮ್ಯಾಟ್ ಎಂಬ ವಿದ್ಯುನ್ಮಾನ ಖಾತೆಗೆ ಸೇರತೊಡಗಿದ ಮೇಲೆಯೇ ಕಾಗದದ ಷೇರುಪತ್ರಕ್ಕೆ ‘ಫಿಸಿಕಲ್ ಷೇರು’ ಎಂಬ ಹೆಸರಿನ ಅಗತ್ಯ ಬಿದ್ದದ್ದು. ಅದಕ್ಕೆ ಮೊದಲು ಅದು ಬರಿಯ ಷೇರುಪತ್ರವಾಗಿತ್ತು. 2019ರ ಏಪ್ರಿಲ್ 1ರಿಂದ ಕಾಗದದ ರೂಪದ ಷೇರುಗಳ ವರ್ಗಾವಣೆಯನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ನಿಲ್ಲಿಸಿದೆ. ‘ಫಿಸಿಕಲ್ ಕ್ಲಾಸ್’ ಕೂಡ ಹಾಗೆಯೇ, ಆನ್‌ಲೈನ್ ತರಗತಿ ಬರುವ ತನಕ ತರಗತಿಗೆ ವಿಶೇಷಣವೇ ಬೇಕಿರಲಿಲ್ಲ. ಇಂಥ ಕಡೆ ನಾನು ‘ಕಾಗದದ ಷೇರುಪತ್ರ’, ‘ಶಾಲೆಯಲ್ಲೇ ನಡೆಯುವ ತರಗತಿ’ ಎಂದು ಬಿಡಿಸಿ ಬರೆಯುತ್ತೇನೆ.

ಮೈದಾನದ ಮೇಷ್ಟ್ರು

ಎಲ್ಲರೂ ದೇಹವನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಚರ್ಚಿಸುತ್ತಿದ್ದೀರಿ. ನಾನು ದೈಹಿಕ ಶಿಕ್ಷಕ, ಮಕ್ಕಳ ಬಾಯಲ್ಲಿ ಪಿ.ಟಿ. ಮೇಷ್ಟ್ರು. ನನ್ನ ಹುದ್ದೆಯ ಹೆಸರಿನಲ್ಲಿಯೇ ಈ ಪದವಿದೆ.

ದೇಹಕ್ಕೆ ಸಂಬಂಧಿಸಿದ್ದು ಎಂಬಲ್ಲಿ ನಮಗೆ ದೈಹಿಕ, ಶಾರೀರಿಕ ಎಂಬ ಎರಡು ಪದಗಳಿದ್ದವು. ಹಿಂದಿಯವರು ಶಾರೀರಿಕ ಶಿಕ್ಷಣ ಎನ್ನುತ್ತಾರೆ, ನಾವು ದೈಹಿಕ ಶಿಕ್ಷಣ ಎನ್ನುತ್ತೇವೆ. ಇದಕ್ಕೆ ನನ್ನದೊಂದು ಊಹೆಯಿದೆ. ಕನ್ನಡದಲ್ಲಿ ‘ಶಾರೀರ’ ಎಂದರೆ ಹಾಡುಗಾರರ ಕಂಠ. ಶರೀರ ಚೆನ್ನಾಗಿದೆ, ಶಾರೀರ ಚೆನ್ನಾಗಿಲ್ಲ ಎಂದು ನಗೆಯಾಡುವ ನಾಡಿನಲ್ಲಿ ಶಾರೀರಿಕ ಶಿಕ್ಷಣ ಎಂದರೆ ಸಂಗೀತದ ಪಾಠವೆಂದು ಯಾರಾದರೂ ಭಾವಿಸಿದರೆ ಅಚ್ಚರಿಯಿಲ್ಲ.

ಆದರೆ ನನ್ನ ದೊಡ್ಡ ಆಕ್ಷೇಪ ಬೇರೆ. ನಮ್ಮದೇ ಆದ ‘ಮೈ’ಯನ್ನು ಏಕೆ ಯಾರೂ ಎತ್ತಲಿಲ್ಲ? ಹಳಗನ್ನಡದಲ್ಲಿ ಅದು ‘ಮೆಯ್’. ತಮಿಳಿನಲ್ಲಿ ‘ಮೆಯ್’ ಎಂದರೆ ದೇಹವೂ ಹೌದು, ಸತ್ಯವೂ ಹೌದು. ಫಿಸೀಕ್ ಎಂಬುದಕ್ಕೆ ಮೈಕಟ್ಟು ಎನ್ನುವುದಕ್ಕಿಂತ ಒಳ್ಳೆಯ ಪದವನ್ನು ಯಾರಾದರೂ ತೋರಿಸಲಿ. ಮೈಮುರಿದು ದುಡಿಯುವವನು, ಮೈಗಳ್ಳ, ಮೈದುಂಬಿಕೊಂಡವಳು, ಮೈಗೂಡಿದ ಅಭ್ಯಾಸ, ಮೈಮರೆತ ಮಗು ಇವುಗಳಲ್ಲಿ ಒಂದಕ್ಕೂ ‘ದೈಹಿಕ’ ಹತ್ತಿರ ಸುಳಿಯಲಾರದು. ಜಗಳ ‘ಫಿಸಿಕಲ್’ ಆಯಿತು ಎಂಬ ಇಂಗ್ಲಿಷ್ ಮಾತಿಗೆ ನಾವು ಕೈಕೈ ಮಿಲಾಯಿಸಿದರು ಎನ್ನುತ್ತೇವೆ. ಗರಡಿಮನೆಯವರು ಸಾಮು, ತಾಲೀಮು, ಕಸರತ್ತು ಎಂಬ ಪದಗಳನ್ನಿಟ್ಟುಕೊಂಡು ಚೆನ್ನಾಗಿಯೇ ಬಾಳಿದ್ದರು. 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ಕಾಲೇಜನ್ನು ಹ್ಯಾರಿ ಕ್ರೋ ಬಕ್ ಆರಂಭಿಸಿದ ಮೇಲೆ ‘ಫಿಸಿಕಲ್ ಎಜುಕೇಶನ್’ ಒಂದು ಶಿಸ್ತಾಗಿ ದಕ್ಷಿಣ ಭಾರತಕ್ಕೆ ಬಂದಿತು, ಅದರ ಜೊತೆಗೆ ಹೆಸರೂ ಬಂದಿತು.

ಅರಳಿಕಟ್ಟೆ

ಮೇಷ್ಟ್ರೇ, ಮೈಯ ಬಗ್ಗೆ ತಕರಾರಿಲ್ಲ. ಆದರೆ ‘ದೇಹ’ವನ್ನು ಅಷ್ಟು ಸಪ್ಪೆ ಎನ್ನಬೇಡಿ. ಅದರ ಹಿಂದಿರುವ ‘ದಿಹ್’ ಧಾತುವಿಗೆ ಮೆತ್ತು, ಬಳಿ, ಸೇರಿಸಿ ಬೆಳೆಸು ಎಂಬ ಅರ್ಥಛಾಯೆಗಳಿವೆ. ಅದರ ದೂರದ ಬಂಧುಗಳಲ್ಲಿ ಇಂಗ್ಲಿಷಿನ ‘ಡೋ’, ಅಂದರೆ ನಾದಿದ ಹಿಟ್ಟು ಒಂದು. ಹಳೆಯ ಇರಾನಿ ನುಡಿಯಲ್ಲಿ ಸುತ್ತಲೂ ಗೋಡೆ ಎತ್ತಿದ ತೋಟಕ್ಕೆ ಇದ್ದ ‘ಪೈರಿದೈಜ’ ಎಂಬ ಹೆಸರು ಇನ್ನೊಂದು. ‘ಪ್ಯಾರಡೈಸ್’ ಬಂದದ್ದು ಅದರಿಂದ. ಎಂದರೆ ದೇಹವು ಮಣ್ಣು ಮೆತ್ತಿ ಎಬ್ಬಿಸಿದ ಕಟ್ಟಡ. ದೇಹವನ್ನು ದೇಗುಲವೆಂದ ವಚನಕಾರರಿಗೆ ಈ ನಿಷ್ಪತ್ತಿ ಬೇಕಾಗಿರಲಿಲ್ಲ, ಆದರೂ ಹೊಂದುತ್ತದೆ.

‘ಶರೀರ’ಕ್ಕೆ ಸಂಪ್ರದಾಯದವರು ಹೇಳುವ ನಿರುಕ್ತಿ ಸವೆಯುವಂಥದ್ದು, ಶಿಥಿಲವಾಗುವಂಥದ್ದು ಎಂದು. ‘ಕಾಯ’ ಎಂಬುದು ರಾಶಿ ಮಾಡು ಎಂಬರ್ಥದ ‘ಚಿ’ ಧಾತುವಿನಿಂದ, ಚಿತೆಯೂ ಅದರಿಂದಲೇ. ಆ ಕಾಯದಿಂದ ಹನ್ನೆರಡನೆಯ ಶತಮಾನದ ಶರಣರು ‘ಕಾಯಕ’ವನ್ನು ಪಡೆದರು, ಮೈದುಡಿಮೆಗೆ ಪೂಜೆಯ ಸ್ಥಾನ ಕೊಟ್ಟರು. ಇಂಗ್ಲಿಷಿನ ‘ಫಿಸಿಕಲ್ ಲೇಬರ್’ ಎಂಬ ಮಾತಿನಲ್ಲಿ ದುಡಿಮೆಯನ್ನು ಒಂದು ಮೆಟ್ಟಿಲು ಕೆಳಗಿಡುವ ದನಿಯಿದೆ. ಕಾಯಕದಲ್ಲಿ ಆ ದನಿಯಿಲ್ಲ.

ಕಪ್ಪು ಕೋಟು

ಮೂಲಪ್ರಶ್ನೆಯಲ್ಲಿದ್ದ ಒಂದು ಪ್ರಯೋಗವನ್ನು ಯಾರೂ ಇನ್ನೂ ಮುಟ್ಟಿಲ್ಲ, ಮತ್ತು ಅದೇ ಅತ್ಯಂತ ಸೂಕ್ಷ್ಮವಾದದ್ದು. ಮಕ್ಕಳ ರಕ್ಷಣೆಯ ಅಧ್ಯಾಯದ ‘ಫಿಸಿಕಲ್ ಕಾಂಟ್ಯಾಕ್ಟ್’ ಎಂಬುದನ್ನು ದಯವಿಟ್ಟು ‘ದೈಹಿಕ ಸಂಪರ್ಕ’ ಎಂದು ಬರೆಯಬೇಡಿ.

ಕಾರಣವನ್ನು ವಿವರಿಸುತ್ತೇನೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 7ನೆಯ ಕಲಮಿನಲ್ಲಿ, ಲೈಂಗಿಕ ಉದ್ದೇಶದಿಂದ ಮಗುವಿನ ಖಾಸಗಿ ಅಂಗಗಳನ್ನು ಮುಟ್ಟುವುದು ಅಥವಾ ದೇಹದೊಳಕ್ಕೆ ಪ್ರವೇಶವಿಲ್ಲದ, ಆದರೆ ‘ಫಿಸಿಕಲ್ ಕಾಂಟ್ಯಾಕ್ಟ್’ ಒಳಗೊಂಡ ಬೇರೆ ಯಾವುದೇ ಕೃತ್ಯ ಮಾಡುವುದು ಲೈಂಗಿಕ ಹಲ್ಲೆ ಎನಿಸುತ್ತದೆ. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠವು, ಬಟ್ಟೆಯ ಮೇಲಿನಿಂದ ಮುಟ್ಟಿದರೆ ಚರ್ಮಕ್ಕೆ ಚರ್ಮ ತಾಗಲಿಲ್ಲ, ಆದ್ದರಿಂದ ಅದು ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ ಎಂಬ ತೀರ್ಪನ್ನು ನೀಡಿತು. ದೇಶದಾದ್ಯಂತ ಆಕ್ಷೇಪ ವ್ಯಕ್ತವಾಯಿತು, ಅಟಾರ್ನಿ ಜನರಲ್ ಅವರೇ ಸುಪ್ರೀಂ ಕೋರ್ಟಿಗೆ ಹೋದರು. 2021ರ ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಆ ತೀರ್ಪನ್ನು ರದ್ದುಪಡಿಸಿತು. ಮುಟ್ಟುವುದು ಮತ್ತು ಫಿಸಿಕಲ್ ಕಾಂಟ್ಯಾಕ್ಟ್ ಎಂಬ ಮಾತುಗಳನ್ನು ಚರ್ಮದ ಸ್ಪರ್ಶಕ್ಕೆ ಇಳಿಸಿದರೆ ಕಾಯ್ದೆಯ ಉದ್ದೇಶವೇ ನಾಶವಾಗುತ್ತದೆ, ಅಪರಾಧದ ತಿರುಳು ಲೈಂಗಿಕ ಉದ್ದೇಶದಲ್ಲಿದೆ ಎಂದು ಅದು ಸ್ಪಷ್ಟಪಡಿಸಿತು. ಒಂದು ವಿಶೇಷಣದ ವ್ಯಾಪ್ತಿ ಎಷ್ಟು ಎಂಬ ಪ್ರಶ್ನೆ ಒಂದು ಮಗುವಿನ ನ್ಯಾಯವನ್ನು ತೂಗಿದ ಸಂದರ್ಭ ಇದು.

ಈಗ ಕನ್ನಡಕ್ಕೆ ಬನ್ನಿ. ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಗಳಲ್ಲಿ ‘ದೈಹಿಕ ಸಂಪರ್ಕ’ ಎಂಬುದು ಸಂಭೋಗಕ್ಕೆ ಮರೆಮಾತಾಗಿ ನಿಂತುಬಿಟ್ಟಿದೆ. ಕಾಯ್ದೆ ಹೇಳುವುದು ಅದಕ್ಕಿಂತ ಬಹಳ ಕಡಿಮೆಯಾದದ್ದನ್ನು, ಮೈಗೆ ಕೈ ಸೋಕಿದರೆ ಸಾಕು ಎಂಬುದನ್ನು. ಕೈಪಿಡಿಯಲ್ಲಿ ದೈಹಿಕ ಸಂಪರ್ಕ ಎಂದು ಓದಿದ ಕಾರ್ಯಕರ್ತೆ ಬಟ್ಟೆಯ ಮೇಲಿನ ಸ್ಪರ್ಶದ ದೂರನ್ನು ಈ ಕಲಮಿಗೆ ಸೇರದ್ದೆಂದು ಪಕ್ಕಕ್ಕಿಟ್ಟರೆ, ಸುಪ್ರೀಂ ಕೋರ್ಟು ತಿದ್ದಿದ ತಪ್ಪನ್ನು ಅನುವಾದ ಮತ್ತೆ ಮಾಡಿದಂತಾಗುತ್ತದೆ. ‘ಮೈ ಮುಟ್ಟುವುದು, ಬಟ್ಟೆಯ ಮೇಲಿನಿಂದಾದರೂ ಸರಿ’ ಎಂದು ಬಿಡಿಸಿ ಬರೆಯಿರಿ. ಇಲ್ಲಿ ಮೇಷ್ಟ್ರ ‘ಮೈ’ಯೇ ಸರಿಯಾದ ಪದ.

ಭೌತಶಾಸ್ತ್ರದ ಮೇಡಂ

ಕಪ್ಪು ಕೋಟು ಅವರ ಮಾತು ಓದಿದ ಮೇಲೆ ಕೊರೊನಾ ಕಾಲದ ಇನ್ನೊಂದು ಪ್ರಯೋಗವೂ ನೆನಪಾಗುತ್ತದೆ. ಮೊದಲು ಎಲ್ಲರೂ ‘ಸೋಶಿಯಲ್ ಡಿಸ್ಟೆನ್ಸಿಂಗ್’ ಎಂದರು, ನಾವು ‘ಸಾಮಾಜಿಕ ಅಂತರ’ ಎಂದೆವು. 2020ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘ಫಿಸಿಕಲ್ ಡಿಸ್ಟೆನ್ಸಿಂಗ್’ ಎಂಬ ಮಾತಿಗೆ ಒಲವು ತೋರಿತು. ದೂರವಿರಬೇಕಾದದ್ದು ದೇಹ, ಸಂಬಂಧವಲ್ಲ ಎಂಬುದು ಅದರ ಆಶಯ. ಜಾತಿಯ ಹೆಸರಿನಲ್ಲಿ ಅಂತರ ಕಾಯ್ದುಕೊಂಡ ಚರಿತ್ರೆಯಿರುವ ನಮ್ಮ ದೇಶದಲ್ಲಿ ‘ಸಾಮಾಜಿಕ ಅಂತರ’ ಎಂಬ ಮಾತು ಚುಚ್ಚುತ್ತದೆ ಎಂದು ಹಲವರು ಎಚ್ಚರಿಸಿದ್ದರು. ಅಲ್ಲಿ ‘ದೈಹಿಕ ಅಂತರ’ ನಿಜಕ್ಕೂ ಸರಿಯಾದ ಅನುವಾದವಾಗಿತ್ತು, ಎದುರಾಳಿ ಸಮಾಜವಾಗಿದ್ದರಿಂದ.

ರಂಗಾಸಕ್ತೆ

‘ಫಿಸಿಕ್ಯಾಲಿಟಿ’ಯ ಬಗ್ಗೆ ಎರಡು ಮಾತು. ಇದು ಫುಟ್‌ಬಾಲ್ ವೀಕ್ಷಕ ವಿವರಣೆಯಲ್ಲಿ ಮತ್ತು ರಂಗವಿಮರ್ಶೆಯಲ್ಲಿ ಹೆಚ್ಚು ಕೇಳಿಬರುತ್ತದೆ. ಆಟದಲ್ಲಿ ಅದರ ಅರ್ಥ ಮೈಗೆ ಮೈ ಒಡ್ಡಿ ಆಡುವ ಗಟ್ಟಿತನ. ರಂಗಭೂಮಿಯಲ್ಲಿ ಅದರ ಅರ್ಥ ಸೂಕ್ಷ್ಮ: ನಟನ ದೇಹ ಪಾತ್ರವನ್ನು ಮಾತಿಲ್ಲದೆ ಹೇಳುವ ಶಕ್ತಿ. ಬ್ರಿಟನ್ನಿನಲ್ಲಿ 1986ರಲ್ಲಿ ಹುಟ್ಟಿದ ಡಿವಿ8 ತಂಡ ತನ್ನ ಹೆಸರಿನಲ್ಲಿಯೇ ‘ಫಿಸಿಕಲ್ ಥಿಯೇಟರ್’ ಎಂದು ಇಟ್ಟುಕೊಂಡಿತ್ತು. ಅಲ್ಲಿ ಎದುರಾಳಿ ಮಾತು.

ಇದಕ್ಕೆ ‘ದೈಹಿಕತೆ’ ಎಂಬ ಪದವನ್ನು ವಿಮರ್ಶಕರು ಬಳಸುವುದುಂಟು, ನನಗೆ ಅದು ಒಗ್ಗುವುದಿಲ್ಲ. ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ವಿಂಗಡಿಸಿದಾಗಲೇ ವಾಚಿಕಕ್ಕೆ ಎದುರಾಗಿ ಆಂಗಿಕವನ್ನು ನಿಲ್ಲಿಸಿತ್ತು. ಯಕ್ಷಗಾನದ ಕಲಾವಿದರೊಬ್ಬರ ಬಗ್ಗೆ ‘ಅವರ ಆಂಗಿಕ ಚೆನ್ನ’ ಎಂದರೆ ಅಲ್ಲಿಯ ಪ್ರೇಕ್ಷಕರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಕಬಡ್ಡಿಗೆ ಆಂಗಿಕ ಹೊಂದದು, ಅದಕ್ಕೆ ಮೈಗಸುವು ಎಂದರೆ ಆದೀತು.

ಸಂಶಯಿ

ಮೈಗಸುವು ಎಂದರೆ ಬಲವಷ್ಟೇ ಆಯಿತು. ಎದುರಾಳಿಯನ್ನು ತಳ್ಳಿ, ತಡೆದು, ನಿಯಮದೊಳಗೇ ಮೈಯನ್ನು ಬಳಸುವ ಜಾಣ್ಮೆ ಅದರಲ್ಲಿ ಬರುವುದಿಲ್ಲ.

ಮೈದಾನದ ಮೇಷ್ಟ್ರು

ನಿಜ. ಮೈದಾನದಲ್ಲಿ ನಾವು ‘ಮೈ ಹಾಕಿ ಆಡು’ ಎನ್ನುತ್ತೇವೆ. ಹುಡುಗರಿಗೆ ಬಲವೂ ಜಾಣ್ಮೆಯೂ ಒಟ್ಟಿಗೇ ಅರ್ಥವಾಗುತ್ತದೆ. ಅದನ್ನು ನಾಮಪದ ಮಾಡಲೇಬೇಕೆಂಬ ಹಟ ಇಂಗ್ಲಿಷಿನದು, ಕನ್ನಡ ಇಂಥ ಕಡೆ ಕ್ರಿಯಾಪದದಲ್ಲಿಯೇ ಕೆಲಸ ಮುಗಿಸುತ್ತದೆ.

ಅನುವಾದದ ಮೇಜು

ಎಲ್ಲರಿಗೂ ಕೃತಜ್ಞತೆಗಳು. ಕೈಪಿಡಿಯ ಮಟ್ಟಿಗೆ ಹೀಗೆ ನಿರ್ಧರಿಸಿದ್ದೇನೆ. ಮಗುವಿನ ವಿಷಯದಲ್ಲಿ ಮಾನಸಿಕ ಬೆಳವಣಿಗೆಗೆ ಎದುರಾಗಿ ಬಂದಾಗ ಮಾತ್ರ ‘ದೈಹಿಕ ಬೆಳವಣಿಗೆ’, ತೂಕ ಮತ್ತು ಎತ್ತರದ ನಕ್ಷೆಯ ಪಕ್ಕದಲ್ಲಿ ಬರಿಯ ‘ಬೆಳವಣಿಗೆ’. ಪದಮೂಲ ಅವರ ವಿವರಣೆಯ ಪ್ರಕಾರ ಗ್ರೀಕಿನವನಿಗೆ ‘ಫಿಸಿಕಲ್ ಗ್ರೋತ್’ ಎಂಬುದೇ ಹೇಳಿದ್ದನ್ನು ಮತ್ತೆ ಹೇಳಿದಂತೆ ಕೇಳಿಸುತ್ತಿತ್ತೇನೋ. ದಾಸ್ತಾನಿಗೆ ‘ಎಣಿಸಿ ತಾಳೆ ನೋಡುವುದು’, ಕಟ್ಟಡಕ್ಕೆ ಇಲಾಖೆಯ ನಮೂನೆ ಇರುವ ಪುಟದಲ್ಲಿ ‘ಭೌತಿಕ ಪ್ರಗತಿ’, ಉಳಿದೆಡೆ ‘ಕೆಲಸದ ಹಂತ’. ರಕ್ಷಣೆಯ ಅಧ್ಯಾಯಕ್ಕೆ ಕಪ್ಪು ಕೋಟು ಅವರ ವಾಕ್ಯವನ್ನು ಅವರ ಅನುಮತಿಯಿದ್ದರೆ ಹಾಗೆಯೇ ಬಳಸುತ್ತೇನೆ. ಒಂದು ತೊಡಕು ಮಾತ್ರ ಉಳಿದಿದೆ. ಅದೇ ಅಧ್ಯಾಯದಲ್ಲಿ ‘ಫಿಸಿಕಲ್ ಅಬ್ಯೂಸ್’ ಎಂಬುದು ಲೈಂಗಿಕ ದೌರ್ಜನ್ಯದಿಂದ ಪ್ರತ್ಯೇಕವಾಗಿ ಬರುತ್ತದೆ.

ಕಪ್ಪು ಕೋಟು

ಧಾರಾಳವಾಗಿ ಬಳಸಿಕೊಳ್ಳಿ. ‘ದೈಹಿಕ ದೌರ್ಜನ್ಯ’ ಎಂದರೆ ಓದುಗರು ಅದನ್ನೂ ಲೈಂಗಿಕವೆಂದೇ ತಿಳಿಯುವ ಅಪಾಯವಿದೆ. ಅಲ್ಲಿ ಉದ್ದೇಶಿಸಿರುವುದು ಹೊಡೆತ, ಬಡಿತ, ಬರೆ ಎಳೆಯುವುದು, ಊಟ ಕೊಡದೆ ಕೂಡಿಹಾಕುವುದು. ಶೀರ್ಷಿಕೆಯಲ್ಲಿ ‘ದೈಹಿಕ ಹಿಂಸೆ’ ಎಂದು ಇಟ್ಟು, ಕೆಳಗೆ ಇವನ್ನು ಒಂದೊಂದಾಗಿ ಹೆಸರಿಸಿಬಿಡಿ.

ಕಡತ ಕಂಡವನು

ಹೆಸರಿಸುವಾಗ ‘ಮುಂತಾದವು’ ಎಂದು ಸೇರಿಸುವುದನ್ನು ಮರೆಯಬೇಡಿ. ಪಟ್ಟಿಯಲ್ಲಿ ಇಲ್ಲದ್ದು ಅಪರಾಧವೇ ಅಲ್ಲ ಎಂದು ಓದುವವರು ಕಚೇರಿಗಳಲ್ಲಿ ಬಹಳ ಮಂದಿ ಇದ್ದಾರೆ.